ಮೋಡ ನೇಯುವವಳ ಬ್ಯಾನರು

೧

ಎಲ್ಲಿಂದ ಶುರು ಮಾಡಲಿ? ಈ ಪ್ರಶ್ನೆಯನ್ನು ಓದುಗರಿಗೆ ಹಾಕುತ್ತಿದ್ದೇನೆ, ಯಾಕೆಂದರೆ ಮಿಕ್ಕವರನ್ನೆಲ್ಲ ಕೇಳಿಯಾಯಿತು. ನನ್ನ ಮೊದಲ ಡ್ರಾಫ್ಟ್ ಆಕಾಶದಿಂದ ಶುರುವಾಗಿತ್ತು: ‘ಒಂದು ಕಾಲದಲ್ಲಿ ಚೀನಾ ದೇಶದ ಆಕಾಶದಲ್ಲಿ ಮೋಡ ನೇಯುವ ಹುಡುಗಿಯೊಬ್ಬಳಿದ್ದಳು.’ ಎರಡನೆಯದು ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ, ಎಮ್ಮೆ, ಜಟಕಾ, ಬಿರಿಯಾನಿ ವಾಸನೆ ಎಲ್ಲ ಸೇರಿಸಿ. ಮೂರನೆಯದು ನನ್ನಿಂದಲೇ ಶುರುವಾಗಿತ್ತು. (ಲೇಖಕನಿಗೆ ಈ ಚಪಲ ಬಿಡುವುದು ಕಷ್ಟ.) ಮೂರನ್ನೂ ಅಕ್ಕಯಮ್ಮನಿಗೆ ಓದಿ ಹೇಳಿದೆ.

ಅಕ್ಕಯಮ್ಮ ಯಾರೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಕೆ.ಆರ್. ಪುರದಲ್ಲಿ ಬೈಲಪ್ಪನವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೇನೆ. ಅಕ್ಕಯಮ್ಮ ಬೈಲಪ್ಪನವರ ತಂಗಿ, ಕೆಳಗಿನ ಮನೆಯಲ್ಲೇ ಇದ್ದಾಳೆ. ಹತ್ತಿರದ ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ. ಈ ಕಥೆಯ ನಾಯಕಿ ಅವಳೇ. ನಾಯಕಿ ಕೆಳಗಿನ ಮನೆಯಲ್ಲೇ ಇದ್ದರೆ ಬರೆಯುವವನ ಪಾಡು ಏನಾಗುತ್ತದೆ ಎಂದು ನನ್ನ ಗುರುಗಳು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಮೆಟ್ಟಿಲು ಹತ್ತಿ ಬಂದುಬಿಡುತ್ತಾಳೆ.

ಮೂರು ಡ್ರಾಫ್ಟನ್ನೂ ಕೇಳಿ ಅವಳು ಹೇಳಿದ್ದಿಷ್ಟು: “ಆಕಾಶ ಆಮೇಲ್ ಬರ್ಲಿ ಮೇಷ್ಟ್ರೇ. ಮೊದ್ಲು ಜಗಳದಿಂದ ಬರೀರಿ. ಜಗಳ ಆಗ್ದೇ ಇದ್ದಿದ್ರೆ ಆ ಪಿಕ್ಚರು ನಮ್ಗ್ಯಾಕೆ ಬೇಕಿತ್ತು?”

೨

ಹಾಗಾದರೆ ಜಗಳ.

ಅರವತ್ತರ ದಶಕದ ಮೊದಲರ್ಧದ ಮಾತು. ಅಕ್ಕಯಮ್ಮನನ್ನು ಹಲಸೂರಿನ ವೆಂಕಟಸ್ವಾಮಿಗೆ ಕೊಟ್ಟು ಮದುವೆ ಮಾಡಿದರು. ವೆಂಕಟಸ್ವಾಮಿ ಸಿನಿಮಾ ಬ್ಯಾನರು ಬರೆಯುವವನು. ಶಿವಾಜಿನಗರದ ಒಂದು ಟಾಕೀಸಿನ ಪಕ್ಕದ ಸಂದಿಯಲ್ಲಿ ತಗಡಿನ ಶೆಡ್ಡು, ಅದರಲ್ಲಿ ಅವನ ಬಣ್ಣ, ಎಣ್ಣೆ, ಏಣಿ. ದೊಡ್ಡ ಬಟ್ಟೆಗೆ ಅಳತೆಯ ಚೌಕ ಹಾಕಿಕೊಂಡು ಅವನು ಬರೆದ ನಾಯಕರ ಕೆನ್ನೆ ಕಮರ್ಷಿಯಲ್ ಸ್ಟ್ರೀಟಿನ ತುದಿಯಿಂದಲೇ ಹೊಳೆಯುತ್ತಿತ್ತಂತೆ. ಮನೆಯಲ್ಲಿ ಅವನು ಮತ್ತು ಅವನ ತಾಯಿ.

ಅಕ್ಕಯಮ್ಮ ಮದುವೆಗೆ ಮುಂಚೆಯೇ ಕಾರ್ಖಾನೆಗೆ ಸೇರಿದ್ದಳು. ಮದುವೆಯಾದ ಮೇಲೆ ಅತ್ತೆಗೆ ಸೊಸೆ ದುಡಿಯಲು ಹೋಗುವುದು ಸರಿಬರಲಿಲ್ಲ, ಬಿಟ್ಟಳು. ಒಂದು ವರ್ಷ ಕಳೆಯಿತು. ಕಾರ್ಖಾನೆಯಲ್ಲಿ ಮತ್ತೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆಂಬ ಸುದ್ದಿಯನ್ನು ಹಳೆಯ ಗೆಳತಿ ವಾಜಿದಾ ತಂದಳು. ಅಕ್ಕಯಮ್ಮ ಹೋಗುತ್ತೇನೆಂದಳು. ಅತ್ತೆ ಬೇಡವೆಂದಳು. ಮಾತಿಗೆ ಮಾತು ಬೆಳೆದು ಕೊನೆಗೆ ವೆಂಕಟಸ್ವಾಮಿ ಹೇಳಿದ: “ಹೋಗೋದಾದ್ರೆ ಹೋಗು. ಸಾಯಂಕಾಲ ಈ ಮನೆಗೆ ಬರ್ಬೇಡ.”

ಅವಳು ಹೋದಳು. ಸಾಯಂಕಾಲ ಆ ಮನೆಗೆ ಬರಲಿಲ್ಲ. ಕೆ.ಆರ್. ಪುರದ ತವರಿಗೆ ಬಂದಳು.

ಕೋಪದಲ್ಲಿ ಆಡಿದ ಒಂದು ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು, ಅವನು ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಹೀಗೆ ಎರಡು ವರ್ಷ. ನಡುವೆ ಇದ್ದದ್ದು ಓಲ್ಡ್ ಮದ್ರಾಸ್ ರೋಡು ಮಾತ್ರ. ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆಯ ದಾರಿ.

(ಇಲ್ಲೊಂದು ತಪ್ಪೊಪ್ಪಿಗೆ. ಅಲ್ಲ, ಒಂದು ದೂರು. ನನ್ನ ಹಳೆಯ ಡ್ರಾಫ್ಟಿನಲ್ಲಿ ಅಕ್ಕಯಮ್ಮ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಮುಂದೆ ಬರುವ ಸಿನಿಮಾದಲ್ಲಿ ನೇಯುವ ಹುಡುಗಿ ಇದ್ದಾಳಲ್ಲ, ಹೊಂದಿಕೆಯಾಗಲಿ ಎಂದು. ಅಕ್ಕಯಮ್ಮ ಒಪ್ಪಲಿಲ್ಲ. “ನಾನು ಮಗ್ಗದ ಮುಂದೆ ಕೂತೋಳೇ ಅಲ್ಲ. ನಂದು ವೈಂಡಿಂಗ್ ಸೆಕ್ಷನ್” ಅಂದಳು. ಟೆಲಿಫೋನಿನ ಒಳಗೆ ಸಣ್ಣ ಸುರುಳಿಗಳಿರುತ್ತವೆ. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಒಂದರ ಮೇಲೊಂದು ಹತ್ತದಂತೆ, ಒಂದರ ಮಗ್ಗುಲಿಗೆ ಒಂದು ಕೂರುವಂತೆ ಸುತ್ತಬೇಕು. ಅದು ಅವಳ ಕೆಲಸ. ನನ್ನ ಚೆಂದದ ಹೊಂದಿಕೆ ಹೋಯಿತು. ಆ ಸೀರೆಯನ್ನು ನಾನು ಕಥೆಯಿಂದ ಬಿಚ್ಚಿ ತೆಗೆದಿದ್ದೇನೆ.)

೩

ಆ ಸಿನಿಮಾ ಬಂದದ್ದು ಬೇಸಿಗೆ ರಜೆಯಲ್ಲಿ.

ಟಾಕೀಸಿನ ಮ್ಯಾನೇಜರು ಪಿಳ್ಳಪ್ಪ ವೆಂಕಟಸ್ವಾಮಿಯನ್ನು ಕರೆಸಿ ಬ್ಯಾನರು ಆಗಬೇಕೆಂದ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ, ಬಣ್ಣದ್ದು, ಮಾತು ಇಂಗ್ಲಿಷು, ಕಥೆ ಚೀನಾದ ಜನಪದದ್ದು. ಆದರೆ ಮನುಷ್ಯರಿಲ್ಲ, ಎಲ್ಲ ಬರೆದ ಚಿತ್ರಗಳೇ ಓಡಾಡುತ್ತವೆ. ಗೊಂಬೆ ಪಿಕ್ಚರು. ನೋಡಿ ಬರೆಯಲು ಸ್ಟಿಲ್ಲು ಫೋಟೋಗಳು ಬಂದಿರಲಿಲ್ಲ. ಅಂಗೈಯಗಲದ ಒಂದು ಕಾರ್ಡು ಬಂದಿತ್ತು, ಅದೂ ಮಸುಕು.

ವೆಂಕಟಸ್ವಾಮಿಗೆ ಇದು ಅವಮಾನದ ಹಾಗೆ ಕಂಡಿತು. ಮನುಷ್ಯನ ಮುಖದ ಬೆವರು, ಗಡ್ಡದ ನೆರಳು, ಕಣ್ಣಿನ ನೀರು ಬರೆದವನು ಮೂರು ಗೆರೆಯ ಗೊಂಬೆಯನ್ನು ಬರೆಯುವುದೆ? ಪಿಳ್ಳಪ್ಪನ ಚಿಂತೆಯೇ ಬೇರೆ. ಚೀನಾ ಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು. ಬೋರ್ಡಿನ ಮೇಲೆ ಚೀನಾ ಎಂಬ ಮಾತು ಇದ್ದರೆ ಯಾರಾದರೂ ಕಲ್ಲು ಹೊಡೆದಾರು ಎಂಬ ಭಯ. ಆದರೆ ಡ್ರ್ಯಾಗನ್ ಒಂದು ಇದ್ದರೆ ಜನ ನುಗ್ಗುತ್ತಾರೆ ಎಂಬ ಆಸೆ.

“ಡ್ರ್ಯಾಗನ್ ಇರ್ಲಿ ವೆಂಕಟಸ್ವಾಮಿ, ಚೀನಾ ಬೇಡ” ಎಂದನಂತೆ. “ಪೂರ್ವ ದೇಶದ ಅದ್ಭುತ ಕಥೆ ಅಂತ ಬರ್ದ್ಬಿಡು.”

ಪಿಕ್ಚರಿನಲ್ಲಿ ಡ್ರ್ಯಾಗನ್ ಇದೆಯೆ ಎಂದು ವೆಂಕಟಸ್ವಾಮಿ ಕೇಳಿದ. ಪಿಳ್ಳಪ್ಪನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪ್ರಿಂಟು ಸರಿಯಿದೆಯೋ ಇಲ್ಲವೋ ಎಂದು ಖಾಲಿ ಟಾಕೀಸಿನಲ್ಲಿ ಓಡಿಸಿ ನೋಡುವವರಿದ್ದರು. ಬಂದು ನೋಡಿಕೋ ಎಂದ.

ಖಾಲಿ ಟಾಕೀಸಿನ ನಡುವೆ ಒಬ್ಬನೇ ಮನುಷ್ಯ ಕೂತು ಮಕ್ಕಳ ಸಿನಿಮಾ ನೋಡುವ ಈ ದೃಶ್ಯಕ್ಕೆ ನಾನು ಒಂದು ಪುಟದ ವರ್ಣನೆ ಬರೆದಿದ್ದೆ. ಕತ್ತಲೆ, ಬೆಳಕಿನ ಕೋಲು, ಅದರಲ್ಲಿ ತೇಲುವ ಧೂಳು. ಹರಿದು ಹಾಕಿದೆ. ಇಂಥ ಧೂಳು ಎಲ್ಲ ಕಥೆಗಳಲ್ಲೂ ತೇಲುತ್ತದೆ. ಅವನು ಏನು ನೋಡಿದ ಎಂಬುದು ಮುಖ್ಯ.

೪

ದನ ಕಾಯುವ ಒಬ್ಬ ಬಡವ, ಅವನಿಗೊಂದು ಮುದಿ ಎತ್ತು. ಮೇಲೆ ಆಕಾಶದಲ್ಲಿ ಮಗ್ಗದ ಮುಂದೆ ಕೂತ ಹುಡುಗಿ. ಬೆಳಗಿನ ಕೆಂಪು, ಸಂಜೆಯ ಕೇಸರಿ, ಮಳೆಗೆ ಮುಂಚಿನ ಕಪ್ಪುನೀಲಿ, ಎಲ್ಲವೂ ಅವಳು ನೇಯ್ದು ಹರಡಿದ ಬಟ್ಟೆ. ಒಂದು ದಿನ ಅವಳು ಭೂಮಿ ನೋಡಲು ಇಳಿದು ಬರುತ್ತಾಳೆ. ಎತ್ತು ಹೇಗೋ ಮಾಡಿ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತದೆ. ಮದುವೆಯಾಗುತ್ತದೆ.

ಮೊದಲ ರೀಲು ಮುಗಿಯುವಷ್ಟರಲ್ಲಿ ವೆಂಕಟಸ್ವಾಮಿಯ ತಾತ್ಸಾರ ಹೋಗಿತ್ತು. ಹನ್ನೆರಡು ವರ್ಷ ಕಳೆದ ಮೇಲೂ ಅವನು ಅದನ್ನು ಹೇಳುವಾಗ ಕೈಯೆತ್ತಿ ಗಾಳಿಯಲ್ಲಿ ಬರೆದು ತೋರಿಸುತ್ತಾನೆ.

“ಒಂದು ಕಣ್ಣಿಗೆ ಒಂದೇ ಗೆರೆ ಮೇಷ್ಟ್ರೇ. ನಾನು ಒಂದು ಹುಬ್ಬಿಗೆ ಅರ್ಧ ದಿನ ತಗೊಳ್ಳೋನು. ಅವ್ನು ಒಂದು ಗೆರೆ ಎಳ್ದವ್ನೆ, ಆ ಹುಡುಗಿ ನಾಚ್ಕೊಂಡ್ಬಿಟ್ಳು.”

ಎತ್ತು ಬಾಲ ಬೀಸಿದರೆ ಅದು ಯಾರೋ ಮತ್ತೆ ಮತ್ತೆ ಬರೆದ ಬಾಲ, ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ. ಎಲ್ಲೋ ಒಂದು ದೇಶದಲ್ಲಿ, ಯಾವುದೋ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತ ಮಂದಿ ಇದನ್ನೆಲ್ಲ ಕೈಯಿಂದ ಬರೆದಿದ್ದಾರೆ, ಅವರ ಹೆಸರು ಯಾವ ಪ್ರೇಕ್ಷಕನಿಗೂ ಬೇಕಿಲ್ಲ. ಇದು ಹೊಳೆದಾಗ ಅವನಿಗೆ ಬೆನ್ನು ನೆಟ್ಟಗಾಯಿತಂತೆ. ಟಾಕೀಸಿನಲ್ಲಿ ಅವನು ಒಬ್ಬನೇ ಇರಲಿಲ್ಲ, ಅವನ ಕಸುಬಿನವರು ಅಲ್ಲಿ ತುಂಬಿದ್ದರು.

ಆಮೇಲೆ ಆ ಭಾಗ ಬಂತು.

ಮದುವೆಯಾದ ಹುಡುಗಿ ಸುಖವಾಗಿದ್ದಾಳೆ. ಅಡುಗೆ ಮಾಡುತ್ತಾಳೆ, ನೀರು ತರುತ್ತಾಳೆ, ನಗುತ್ತಾಳೆ. ಮಗ್ಗ ಮೇಲೆ ಖಾಲಿ ಬಿದ್ದಿದೆ. ಯಾರೂ ಏನೂ ಹೇಳುವುದಿಲ್ಲ, ಹಿನ್ನೆಲೆಯ ವಾದ್ಯವೂ ನಿಂತಿದೆ. ಆಕಾಶದಿಂದ ಮೊದಲು ಕೆಂಪು ಹೋಗುತ್ತದೆ. ಆಮೇಲೆ ಕೇಸರಿ. ಬರಬರುತ್ತ ಇಡೀ ಪರದೆ ಒರೆಸಿದ ಸ್ಲೇಟಿನ ಬಣ್ಣಕ್ಕೆ ತಿರುಗುತ್ತದೆ. ಗಂಡನಿಗೆ ಅದು ಕಾಣುವುದಿಲ್ಲ, ಅವನು ಎತ್ತಿಗೆ ಹುಲ್ಲು ಹಾಕುತ್ತಿದ್ದಾನೆ. ಹುಡುಗಿ ಹಿಟ್ಟು ನಾದುತ್ತಿದ್ದಾಳೆ, ನಗುಮುಖದಲ್ಲೇ. ಆದರೆ ಅವಳ ಬೆರಳುಗಳು ಹಿಟ್ಟಿನ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಲಾಳಿ ಹಾಯಿಸುತ್ತಿವೆ.

ವೆಂಕಟಸ್ವಾಮಿಗೆ ಹಲಸೂರಿನ ಅಡುಗೆಮನೆ ನೆನಪಾಯಿತು. ಅತ್ತೆಯ ಮಾತು ಕೇಳುತ್ತ ಕೂತ ಅಕ್ಕಯಮ್ಮ ಅಂಗಡಿಯ ಪೊಟ್ಟಣದ ದಾರ ಬಿಚ್ಚಿ ತೋರುಬೆರಳಿಗೆ ಸುತ್ತುತ್ತಿದ್ದಳು. ಒಂದರ ಮಗ್ಗುಲಿಗೆ ಒಂದು, ಒಂದೂ ಮೇಲೆ ಹತ್ತದಂತೆ. ಪೂರ್ತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುವುದು. ಮಕ್ಕಳಾಟ ಆಡಬೇಡ ಎಂದು ಒಂದು ಸಲ ಗದರಿಸಿದ್ದ.

ಅವನು ಎದ್ದು ಹೊರಗೆ ನಡೆದ. ಸಿನಿಮಾ ಇನ್ನೂ ಓಡುತ್ತಿತ್ತು.

(ಇಲ್ಲಿ ಅವನಿಗೂ ನನಗೂ ವಾದವಾಯಿತು. ‘ಕಣ್ಣೀರು ಒರೆಸಿಕೊಂಡ’ ಎಂದು ಬರೆದಿದ್ದೆ. ತೆಗೆಯಿರಿ ಅಂದ. ಅದು ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ಘಾಟಂತೆ. ಟಾಕೀಸಿನ ಒಳಗೆ ಅಗಸೆ ಎಣ್ಣೆ ಎಲ್ಲಿಂದ ಬಂತು ಎಂದು ಕೇಳಿದೆ. ಬಟ್ಟೆಯಲ್ಲಿ ಇತ್ತು ಅಂದ. ಆದ್ದರಿಂದ: ಅವನ ಬಟ್ಟೆಯಲ್ಲಿ ಅಗಸೆ ಎಣ್ಣೆ ಇತ್ತು.)

ಮತ್ತೆ ೪, ಯಾಕೆಂದರೆ ಬ್ಯಾನರು ಅದೇ ದಿನ ಶುರುವಾಯಿತು

ಅವನು ಚೌಕ ಹಾಕಲಿಲ್ಲ. ಕಾರ್ಡು ನೋಡಲಿಲ್ಲ. ಕೂತ ಹೆಣ್ಣೊಬ್ಬಳನ್ನು ಬರೆದ. ಅವಳ ಬೆರಳುಗಳಿಂದ ಎಳೆಗಳು ಮೇಲೇಳುತ್ತವೆ, ಏಳುತ್ತ ಏಳುತ್ತ ಕೆಂಪು, ಕೇಸರಿ, ನೀಲಿ ಮೋಡಗಳಾಗಿ ಬ್ಯಾನರಿನ ತುಂಬ ಹರಡುತ್ತವೆ. ದನ ಕಾಯುವವನಿಗೆ ಒಂದು ಮೂಲೆ, ಎತ್ತಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಜಾಗ. ಹೆಣ್ಣಿನ ಮುಖ ಮಾತ್ರ ಗೊಂಬೆಯದಾಗಲಿಲ್ಲ. ಅಗಲ ಹಣೆ, ಗಲ್ಲದ ಮೇಲೆ ಒಂದು ಸಣ್ಣ ಗಾಯದ ಗುರುತು. ಅದು ಅಕ್ಕಯಮ್ಮನ ಮುಖ.

ಬೇಕೆಂದು ಬರೆದದ್ದಲ್ಲ ಎಂದು ಅವನು ಹೇಳುತ್ತಾನೆ. ಬೇಕೆಂದೇ ಬರೆದದ್ದು ಎಂದು ಅವಳು. ಎರಡನ್ನೂ ಉಳಿಸಿಕೊಂಡಿದ್ದೇನೆ.

ಪಿಳ್ಳಪ್ಪ ನೋಡಿ ಡ್ರ್ಯಾಗನ್ ಎಲ್ಲಿ ಎಂದ. ಕಥೆಯಲ್ಲಿ ಇಲ್ಲ ಎಂದ ವೆಂಕಟಸ್ವಾಮಿ. ಪಿಳ್ಳಪ್ಪ ಬ್ಯಾನರಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಯಾವತ್ತೂ ಆಡದ ಮಾತು ಆಡಿದನಂತೆ: ಇದನ್ನು ಬಿಸಿಲಿಗೆ ಹಾಕೋದಕ್ಕೆ ಮನಸ್ಸು ಬರಲ್ಲ. ಆದರೂ ಶುಕ್ರವಾರ ಮೇಲೇರಿಸಿದರು.

೫

ಶನಿವಾರ ಬೈಲಪ್ಪನವರು ತಮ್ಮ ತೋಟದ ಹೂಕೋಸು ಹಾಕಲು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದರು. ವಾಪಸು ಬರುವಾಗ ತಲೆಯೆತ್ತಿ ನೋಡಿದರೆ ತಂಗಿಯ ಮುಖ, ಮನೆಗಿಂತ ದೊಡ್ಡದಾಗಿ, ಟಾಕೀಸಿನ ಮೇಲೆ.

ಮನೆಗೆ ಬಂದವರೇ ಕೂಗಾಡಿದರು. ಮರ್ಯಾದಸ್ಥರ ಮನೆಯ ಹೆಣ್ಣನ್ನು ಸಿನಿಮಾ ಬೋರ್ಡಿಗೆ ಹಾಕಿದ್ದಾನೆ, ನಾಳೆಯೇ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಇಳಿಸುತ್ತೇನೆ ಎಂದರು. ಅಕ್ಕಯಮ್ಮ, ನಾನೇ ನೋಡಿಬರುತ್ತೇನೆ, ಇಳಿಸಬೇಕೋ ಬೇಡವೋ ನೋಡಿದ ಮೇಲೆ ಹೇಳುತ್ತೇನೆ ಅಂದಳು. ಮುಖ ಅವಳದಾದ್ದರಿಂದ ಬೈಲಪ್ಪನವರಿಗೆ ಎದುರಾಡಲು ಆಗಲಿಲ್ಲ.

ಭಾನುವಾರ ಬೆಳಗಿನ ಆಟಕ್ಕೆ ಮೂವರು ಹೋದರು: ಅಕ್ಕಯಮ್ಮ, ಅವಳ ಅಣ್ಣ, ಪುಲಿಕೇಶಿನಗರದಿಂದ ಬಂದು ಸೇರಿದ ವಾಜಿದಾ. ವಾಜಿದಾ ಬ್ಯಾನರು ನೋಡಿ, ಅಕ್ಕಯಮ್ಮನನ್ನು ನೋಡಿ, ಬುರ್ಖಾದ ಒಳಗೇ ನಕ್ಕಳಂತೆ. ಬೈಲಪ್ಪನವರು ಮೇಲೆ ನೋಡದೆ ಟಿಕೆಟ್ ತೆಗೆದುಕೊಂಡರು.

ಟಾಕೀಸು ತುಂಬ ಮಕ್ಕಳು. ಇಂಗ್ಲಿಷು ಬಾರದಿದ್ದರೂ ಯಾರಿಗೂ ತೊಡಕಾಗಲಿಲ್ಲ. ಎತ್ತು ಕೆಸರಿನಲ್ಲಿ ಜಾರಿದಾಗ ಹಿಂದಿನ ಸಾಲಿನವರೆಗೂ ನಗು. ಆಕಾಶದ ಬಣ್ಣ ಹೋದಾಗ ಆ ಮಕ್ಕಳೇ ಸದ್ದಿಲ್ಲದೆ ಕೂತರು. ಅಷ್ಟು ಮಕ್ಕಳನ್ನು ಬರೀ ಬಣ್ಣ ತೆಗೆದು ಸುಮ್ಮನಾಗಿಸಿದವರ ಕೈಗೆ ನಾನು ಕೂತಲ್ಲಿಂದಲೇ ನಮಸ್ಕಾರ ಹಾಕುತ್ತೇನೆ. ನನ್ನ ಕಥೆಗಳಲ್ಲಿ ಅಂಥದ್ದು ಒಂದು ಸಲವೂ ಆಗಿಲ್ಲ.

ಅಕ್ಕಯಮ್ಮ ಏನು ಅಂದುಕೊಂಡಳು ಎಂದು ಕೇಳಿದೆ. ಅದನ್ನು ನೀವೇ ಕಲ್ಪಿಸಿಕೊಂಡು ಬರೆಯಿರಿ, ಲೇಖಕರಲ್ಲವೆ ಎಂದಳು. ಕಲ್ಪಿಸಿಕೊಂಡು ಓದಿದೆ. ಅದಲ್ಲ ಎಂದಳು. ಜಾಗ ಖಾಲಿ ಬಿಟ್ಟಿದ್ದೇನೆ.

ಹೊರಗೆ ಬಂದಾಗ ಬೈಲಪ್ಪನವರ ಕೋಪ ಅರ್ಧ ಇಳಿದಿತ್ತು. ಜೀವಮಾನವೆಲ್ಲ ಎತ್ತು ಕಟ್ಟಿದವರು ಅವರು. ಎತ್ತಿನ ನಡಿಗೆ ಸರಿಯಾಗಿ ಬರೆದಿದ್ದಾನೆ, ಹಿಂಗಾಲು ಹಾಕುವ ರೀತಿ ಕೂಡ ಎಂದು ಎರಡು ಸಲ ಹೇಳಿದರು. ಆದರೆ ಸಂದಿಯಿಂದ ಬಣ್ಣದ ಕೈಯೊಡನೆ ಓಡಿಬಂದ ತಂಗಿಯ ಗಂಡನನ್ನು ಕಂಡ ಕೂಡಲೇ ಮತ್ತೆ ಮುಖ ಕೆಂಪಾಯಿತು. ವಾಜಿದಾ ಅವರ ತೋಳು ಹಿಡಿಯಲಿಲ್ಲ, ಆದರೆ ಹಿಡಿದು ನಿಲ್ಲಿಸಿದಷ್ಟೇ ಗಟ್ಟಿಯಾಗಿ, “ಅಣ್ಣಾ, ನಂಗೆ ಚಾ ಬೇಕು” ಅಂದಳು. ಅವರು ಹೋಟೆಲಿನ ಕಡೆ ಹೋಗಲೇಬೇಕಾಯಿತು.

೬

ಎರಡು ವರ್ಷದ ಮೇಲೆ ಗಂಡ ಹೆಂಡತಿ ಬ್ಯಾನರಿನ ಕೆಳಗೆ ನಿಂತರು. ನನ್ನ ಡ್ರಾಫ್ಟಿನಲ್ಲಿ ವೆಂಕಟಸ್ವಾಮಿ ಇಲ್ಲಿ ಕ್ಷಮೆ ಕೇಳುತ್ತಾನೆ, ಒಂದು ಪೂರ್ತಿ ಪುಟ. ಚೆನ್ನಾಗಿಯೇ ಬರೆದಿದ್ದೆ. ಇಬ್ಬರೂ ಅದನ್ನು ಒಪ್ಪಲಿಲ್ಲ. ನಡೆದದ್ದು ಇದು.

ಅಕ್ಕಯಮ್ಮ ತಲೆಯೆತ್ತಿ ನೋಡುತ್ತಲೇ ಇದ್ದಳು. ಮುಖದ ಬಗ್ಗೆ ಏನೂ ಅನ್ನಲಿಲ್ಲ.

“ಕೈ ತಪ್ಪಾಗಿದೆ” ಎಂದಳು.

“ಯಾವ ಕೈ?”

“ಎಳೆ ಹಂಗೆ ಹಿಡಿದ್ರೆ ಕಿತ್ತೋಗುತ್ತೆ.”

ವೆಂಕಟಸ್ವಾಮಿ ಬ್ಯಾನರು ನೋಡಿದ, ಅವಳ ಕೈ ನೋಡಿದ. ಮದುವೆಯಾದಾಗಿನಿಂದ ಅವಳು ಕಾರ್ಖಾನೆಯಲ್ಲಿ ಏನು ಮಾಡುತ್ತಾಳೆಂದು ಅವನು ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳಿದ.

“ಹೆಂಗ್ ಹಿಡೀತಾರೆ? ತೋರ್ಸು.”

ಅವಳು ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತಳು. ಅವನ ಕೈಯಲ್ಲಿದ್ದ ಬ್ರಷ್ಷನ್ನು ತೆಗೆದುಕೊಂಡು ಅದರ ಹಿಡಿಗೆ ಸುತ್ತತೊಡಗಿದಳು. ಬಲಗೈ ತಿರುಗಿಸುವುದು, ಎಡಗೈಯ ಎರಡು ಬೆರಳ ನಡುವೆ ಎಳೆ ಸುಮ್ಮನೆ ಜಾರುವುದು, ಹಿಡಿದೂ ಹಿಡಿಯದ ಹಾಗೆ. ಬಿಗಿ ಹೆಚ್ಚಾದರೆ ಹರಿಯುತ್ತದೆ, ಸಡಿಲವಾದರೆ ಒಂದರ ಮೇಲೊಂದು ಹತ್ತುತ್ತದೆ ಎಂದು ವಿವರಿಸಿದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಸಿನಿಮಾ ನೋಡಿದ ಹಾಗೇ ನೋಡಿದ ಎಂದು ಅಕ್ಕಯಮ್ಮ ಹೇಳುತ್ತಾಳೆ. ಆಮೇಲೆ ಏಣಿ ತಂದ.

ಮಧ್ಯಾಹ್ನದ ಆಟಕ್ಕೆ ಜನ ಸೇರುತ್ತಿದ್ದರು. ಅವರ ತಲೆಯ ಮೇಲೆ ವೆಂಕಟಸ್ವಾಮಿ ಏಣಿ ಹತ್ತಿ ಹಳೆಯ ಬೆರಳುಗಳನ್ನು ಒರೆಸಿ ಹೊಸ ಬೆರಳುಗಳನ್ನು ಬರೆದ. ಕೆಳಗೆ ರಸ್ತೆಯಲ್ಲಿ ನಿಂತು ಅಕ್ಕಯಮ್ಮ ಹೇಳುತ್ತಿದ್ದಳು: ಹೆಬ್ಬೆರಳು ಇನ್ನೂ ಕೆಳಗೆ, ಎಡಗೈ ಸಡಿಲ, ಇನ್ನೂ ಸಡಿಲ. ಸಿಟಿ ಬಸ್ಸೊಂದು ಹಾರ್ನ್ ಮಾಡಿ ಮಾಡಿ ಅವಳನ್ನು ಬಳಸಿಕೊಂಡು ಹೋಯಿತು. ಪಿಳ್ಳಪ್ಪ ಹೊರಗೆ ಬಂದು ಗಿರಾಕಿಗಳ ಮೇಲೆ ಬಣ್ಣ ತೊಟ್ಟಿಕ್ಕುತ್ತದೆ ಎಂದು ಗೋಳಾಡಿದ. ಆಮೇಲೆ ಕೆಳಗೆ ನಿಂತವಳ ಮುಖವನ್ನೂ ಮೇಲಿನ ಮುಖವನ್ನೂ ನೋಡಿ ಒಳಗೆ ಹೋಗಿಬಿಟ್ಟ. ಚಾ ಕುಡಿದು ಬಂದ ಬೈಲಪ್ಪನವರು ಸ್ವಲ್ಪ ದೂರದಲ್ಲೇ ನಿಂತರು. ಇಳಿಸಬೇಕೋ ಬೇಡವೋ ಎಂದು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ವೆಂಕಟಸ್ವಾಮಿ ಇಳಿದು ಬಂದ. “ಈಗ?”

“ಈಗ ಸರಿ.”

ಅವನು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ನಿನ್ ಶಿಫ್ಟು ಎಷ್ಟೊತ್ಗೆ ಬಿಡುತ್ತೆ?” ಎಂದು ಕೇಳಿದ.

“ಶನಿವಾರ ಮಧ್ಯಾಹ್ನಕ್ಕೇ ಬಿಡುತ್ತೆ” ಎಂದಳು ಅಕ್ಕಯಮ್ಮ.

ಇಷ್ಟೇ. ನನ್ನ ಒಂದು ಪುಟಕ್ಕಿಂತ ಇದು ಒಳ್ಳೆಯದೆಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

೭

ಮುಂದಿನ ಶನಿವಾರ ವೆಂಕಟಸ್ವಾಮಿ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದು ಕಾರ್ಖಾನೆಯ ಗೇಟಿನ ತನಕ ನಡೆದುಬಂದ. ಅದರ ಮುಂದಿನ ಶನಿವಾರವೂ ಬಂದ. ಈಗ ಎಪ್ಪತ್ತೆಂಟನೇ ಇಸವಿ, ಇವತ್ತಿಗೂ ಬರುತ್ತಾನೆ. ವಾರದ ದಿನಗಳಲ್ಲಿ ಅವನು ಹಲಸೂರಿನಲ್ಲಿ, ಮನೆ ಬಿಟ್ಟು ಬರಲು ಒಪ್ಪದ ತಾಯಿಯ ಜೊತೆ. ಅವಳು ಕಾರ್ಖಾನೆಯ ಹತ್ತಿರ, ಇಲ್ಲಿ. ಶನಿವಾರ ಭಾನುವಾರ ಒಟ್ಟಿಗೆ. ಅತ್ತೆಗೆ ಮೈ ಸರಿಯಿಲ್ಲದಾಗ ಅಕ್ಕಯಮ್ಮ ರಜೆ ಹಾಕಿ ಹಲಸೂರಿಗೆ ಹೋಗುತ್ತಾಳೆ. ಆ ಮುದುಕಿ ಸೊಸೆಯ ಕೆಲಸದ ಬಗ್ಗೆ ಇವತ್ತಿಗೂ ಒಂದು ಒಳ್ಳೆಯ ಮಾತಾಡಿಲ್ಲ. ಆದರೆ ಪಕ್ಕದ ಮನೆಯವರು ಟೆಲಿಫೋನ್ ಹಾಕಿಸಿದಾಗ, ಅದರೊಳಗೆ ಇರುವುದು ನಮ್ಮವಳು ಸುತ್ತಿದ್ದು ಎಂದು ಹೇಳಿಬಂದಳಂತೆ.

ಸಿನಿಮಾ ಬೇಸಿಗೆ ಮುಗಿಯುವ ಮೊದಲೇ ಹೋಯಿತು. ಬ್ಯಾನರಿನ ಬಟ್ಟೆಗೆ ಬಿಳಿ ಬಳಿದು ಮುಂದಿನ ಚಿತ್ರದ ನಾಯಕನನ್ನು ಬರೆದದ್ದೂ ವೆಂಕಟಸ್ವಾಮಿಯೇ. ಕಸುಬು ಎಂದರೆ ಹಾಗೆ. ಅದನ್ನು ಇಟ್ಟುಕೊಳ್ಳಬೇಕೆಂದು ಅನಿಸಲಿಲ್ಲವೆ ಎಂದು ಕೇಳಿದೆ. ಮುಖ ಮನೆಯಲ್ಲೇ ಇದೆಯಲ್ಲ ಅಂದ.

ಈಗ ಓದುಗರು ಕೇಳುತ್ತಾರೆ: ಇವರು ಕೂಡಿದ್ದಾರೋ, ಬೇರೆ ಇದ್ದಾರೋ? ನಾನೂ ಕೇಳಿದೆ. ‘ಕೊನೆಗೆ ಅವಳು ಹಲಸೂರಿಗೆ ಮರಳಿದಳು’ ಎಂದು ಒಂದು ಮುಕ್ತಾಯ ಬರೆದೆ, ‘ಅವನೇ ಕೆ.ಆರ್. ಪುರಕ್ಕೆ ಬಂದು ನೆಲೆಸಿದ’ ಎಂದು ಇನ್ನೊಂದು. ಎರಡನ್ನೂ ಓದಿ ಹೇಳಿದಾಗ ಅಕ್ಕಯಮ್ಮ, ಇವತ್ತು ಶನಿವಾರ, ಸಾರಿಗೆ ಹುಳಿ ಹಾಕಬೇಕು ಎಂದು ಎದ್ದು ಹೋದಳು.

೮ ಅಥವಾ ಕೊನೆಯದಲ್ಲದ್ದು

ಒಂದು ಮಾತು ಉಳಿದಿದೆ. ವೆಂಕಟಸ್ವಾಮಿ ಆ ಸಿನಿಮಾದ ಕೊನೆ ನೋಡಿಲ್ಲ. ಆ ಬೆಳಿಗ್ಗೆ ಎದ್ದು ಹೋದವನು ಮತ್ತೆ ಒಳಗೆ ಕಾಲಿಡಲಿಲ್ಲ. ಮೊದಲ ಶನಿವಾರ ಗೇಟಿನ ಹತ್ತಿರ ಅಕ್ಕಯಮ್ಮನನ್ನು ಕೇಳಿದ: ಆಮೇಲೆ ಅವರಿಗೆ ಏನಾಯಿತು? ದೇವಲೋಕದವರು ಸಿಟ್ಟಿಗೆದ್ದು ಇಬ್ಬರ ನಡುವೆ ಒಂದು ನದಿ ಹರಿಸಿದರು, ಹಕ್ಕಿಗಳೆಲ್ಲ ಸೇರಿ ಸೇತುವೆಯಾದವು ಎಂದು ಅವಳು ಹೇಳಿದಳು. ಕೆಲವು ವಾರದ ಮೇಲೆ ಮತ್ತೆ ಕೇಳಿದ್ದಕ್ಕೆ, ಹುಡುಗಿ ಮಗ್ಗವನ್ನೇ ತೆಪ್ಪ ಮಾಡಿಕೊಂಡು ದಾಟಿದಳು ಎಂದಳು. ಇನ್ನೊಂದು ಸಲ, ದನ ಕಾಯುವವನು ಈಜು ಕಲಿತ. ಮಗದೊಂದು ಸಲ, ಎತ್ತು ನೀರನ್ನೆಲ್ಲ ಕುಡಿದುಬಿಟ್ಟಿತು. ವಾಜಿದಾಳನ್ನು ಕೇಳಿದರೆ ಅಕ್ಕಯಮ್ಮನನ್ನು ಕೇಳಿ ಎನ್ನುತ್ತಾಳೆ. ಬೈಲಪ್ಪನವರು ಎತ್ತನ್ನು ಬಿಟ್ಟು ಬೇರೇನನ್ನೂ ನೋಡಿಲ್ಲ.

ಸಿನಿಮಾ ಇನ್ನೂ ನಡೆಯುತ್ತಿದ್ದಾಗ ಒಳಗೆ ಹೋಗಿ ನೋಡಬಹುದಿತ್ತಲ್ಲ ಎಂದು ವೆಂಕಟಸ್ವಾಮಿಯನ್ನು ಕೇಳಿದೆ.

“ನೋಡಿದ್ರೆ ಕೊನೆ ಒಂದೇ ಆಗೋಗುತ್ತಲ್ಲ ಮೇಷ್ಟ್ರೇ” ಎಂದ.

ಕಥೆ ಬರೆಯುವವನಿಗೆ ನಿಜವಾದ ಕೊನೆ ಬೇಕು. ನಿನ್ನೆ ಶನಿವಾರ ಸಾಯಂಕಾಲ, ಅವನು ಅಂಗಡಿಗೆ ಹೋಗಿದ್ದಾಗ, ಅಕ್ಕಯಮ್ಮನನ್ನು ಹಿತ್ತಿಲಲ್ಲಿ ಹಿಡಿದು ಕೇಳಿದೆ. ಅವಳು ಬಟ್ಟೆ ಹಿಂಡುತ್ತಿದ್ದಳು. ಹಿಂಡುವುದು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳೋ ಇಲ್ಲವೋ, ಹೇಳಿದ್ದರೆ ಏನು ಎಂದು ಇಲ್ಲಿ ಬರೆಯುವ ಹಾಗಿಲ್ಲ, ಯಾಕೆಂದರೆ ಈ ಕಥೆ ಅಚ್ಚಾದರೆ ಮೊದಲು ಓದುವವನು ವೆಂಕಟಸ್ವಾಮಿ.

ಊಟವಾದ ಮೇಲೆ ಅವನು ಮಹಡಿ ಹತ್ತಿ ಬಂದ. ನನ್ನ ಮೇಜಿನ ಮೇಲಿನ ಹಾಳೆಗಳನ್ನು ನೋಡಿ, ಮುಟ್ಟದೆ, ಬಾಗಿಲಲ್ಲೇ ನಿಂತ.

“ಹೇಳಿದ್ಲಾ ಮೇಷ್ಟ್ರೇ?”

“ಇಲ್ಲ” ಎಂದೆ.

“ಹಂಗಾದ್ರೆ ಸರಿ” ಎಂದ ವೆಂಕಟಸ್ವಾಮಿ. ಅವನ ಮುಖ ನಿರಾಳವಾಯಿತು. ಕೆಳಗೆ ಅಕ್ಕಯಮ್ಮ ಎಲೆ ಅಡಿಕೆ ಹಿಡಿದುಕೊಂಡು ಕೂಗುತ್ತಿದ್ದಳು, ಅವನು ಇಳಿದು ಹೋದ.